ಶಾಗ್ಯದ ಆಕಾಶ ಯಾರದ್ದು?



ಹನೂರು ಅಂದ ಕೂಡಲೇ ಟಿವಿ ಪರದೆ ಮೇಲೆ ಏನೇನು ನೋಡಿದ್ದೀರಿ, ಒಮ್ಮೆ ನೆನಪು ಮಾಡಿಕೊಳ್ಳಿ. 2018ರ ಡಿಸೆಂಬರ್‌ನಲ್ಲಿ ಸುಳ್ವಾಡಿ ಮಾರಮ್ಮನ ಗುಡಿಯ ವಿಷಪ್ರಸಾದ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ವಿಷಕ್ಕೆ ಬಲಿಯಾದ ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು. ಇವೆರಡರ ನಡುವೆ ಆನೆ ದಾಳಿ, ಚಿರತೆ ದಾಳಿ. ನಮ್ಮ ಓಬಿ ವ್ಯಾನುಗಳು ಕೊಳ್ಳೇಗಾಲ ದಾಟಿ ಆ ರಸ್ತೆಗೆ ಇಳಿಯೋದು ಸಾವು ಸಂಭವಿಸಿದಾಗ ಮಾತ್ರ. ಹನೂರು ತಾಲೂಕಿನ ಶಾಗ್ಯ ಅನ್ನೋ ಊರಿನ ಹೆಸರನ್ನು ನಿಮ್ಮಲ್ಲಿ ಬಹಳ ಮಂದಿ ಕೇಳಿಯೇ ಇರಲಿಕ್ಕಿಲ್ಲ. ಇವತ್ತು ನಾನು ಮಾತಾಡಬೇಕು ಅಂತಿರೋದು ಆ ಊರಿನ ಬಗ್ಗೆ. ಇನ್ನೂ ಸರಿಯಾಗಿ ಹೇಳಬೇಕು ಅಂದ್ರೆ, ಆ ಊರಿನ ಮೇಲಿರುವ ಆಕಾಶದ ಬಗ್ಗೆ.

ಆಕಾಶದಲ್ಲಿ ಏನು ವಿಶೇಷ, ಎಲ್ಲ ಕಡೆ ಇರೋದು ಒಂದೇ ಆಕಾಶ ಅಲ್ವಾ ಅಂತ ಕೇಳಬಹುದು. ಅಲ್ಲ. ಶಾಗ್ಯ ಇರೋದು ಉತ್ತರ ಅಕ್ಷಾಂಶ 12 ಡಿಗ್ರಿಯ ಹತ್ತಿರ. ಹಾಗಾಗಿ ಅಲ್ಲಿ ಧ್ರುವ ನಕ್ಷತ್ರ ಉತ್ತರ ದಿಗಂತದಿಂದ ಬರೀ 12 ಡಿಗ್ರಿ ಮೇಲೆ ಇರುತ್ತೆ. ತೋಳು ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಉತ್ತರದಲ್ಲಿ ಧ್ರುವ ಇಷ್ಟು ಕೆಳಗಿದ್ದರೆ ದಕ್ಷಿಣದ ಆಕಾಶ ಅಷ್ಟೇ ಧಾರಾಳವಾಗಿ ತೆರೆದುಕೊಳ್ಳುತ್ತೆ. ಇಡೀ ರಾತ್ರಿ ಆಕಾಶದ ಎರಡನೇ ಅತಿ ಪ್ರಕಾಶಮಾನ ನಕ್ಷತ್ರ ಅಗಸ್ತ್ಯ. ದೆಹಲಿಯಲ್ಲಿ ಅದು ದಿಗಂತಕ್ಕೆ ಅಂಟಿಕೊಂಡ ಹಾಗೆ ಕಾಣುತ್ತೆ. ಲಂಡನ್‌ನಲ್ಲಿ ಅದು ಹುಟ್ಟೋದೇ ಇಲ್ಲ. ಶಾಗ್ಯದಲ್ಲಿ ಅದು ಎರಡೂವರೆ ಮುಷ್ಟಿ ಎತ್ತರಕ್ಕೆ ಏರುತ್ತೆ. ತ್ರಿಶಂಕು ನಕ್ಷತ್ರಪುಂಜ ಪೂರ್ತಿ ಕಾಣುತ್ತೆ.

ಇದು ಸಣ್ಣ ವಿಷಯ ಅಂದುಕೊಳ್ಳಬೇಡಿ. ತಮಿಳುನಾಡಿನ ಜವಾದಿ ಬೆಟ್ಟಗಳಲ್ಲಿ ಕಾವಲೂರು ಅಂತ ಒಂದು ಊರಿದೆ. ನಮ್ಮ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಅಲ್ಲಿ ವೀಕ್ಷಣಾಲಯ ನಡೆಸುತ್ತೆ. 1986ರಲ್ಲಿ 2.3 ಮೀಟರ್ ವ್ಯಾಸದ ದೂರದರ್ಶಕ ಅಲ್ಲಿ ಕಣ್ಣು ತೆರೆಯಿತು. ವಿಜ್ಞಾನಿ ವೈನು ಬಾಪು ಆ ಜಾಗ ಹುಡುಕಿದ್ದು ಯಾಕೆ? ಕತ್ತಲೆ ಇತ್ತು, ಮತ್ತು ದಕ್ಷಿಣದ ಆಕಾಶ ಸಿಗ್ತಿತ್ತು. ಶಾಗ್ಯ ಕಾವಲೂರಿಗಿಂತ ಇನ್ನೂ ಅರ್ಧ ಡಿಗ್ರಿಯಷ್ಟು ದಕ್ಷಿಣಕ್ಕಿದೆ.

ಈಗ ಪ್ರಶ್ನೆಗೆ ಬರ್ತೀನಿ. ಈ ಆಕಾಶ ಯಾರದ್ದು?

ಬೆಂಗಳೂರಿನವರಿಗೆ ಈಗ ನಕ್ಷತ್ರ ನೋಡೋ ಆಸೆ ಹುಟ್ಟಿದೆ. ಒಳ್ಳೆಯದೇ. ವೀಕೆಂಡ್ ಕ್ಯಾಂಪ್, ಟೆಂಟು, ಟೆಲಿಸ್ಕೋಪು, ಬೆಳಗ್ಗೆ ಎದ್ದು ಪಕ್ಷಿ ವೀಕ್ಷಣೆ. ಕಾಡಂಚಿನ ಊರುಗಳಿಗೆ ಕಾರುಗಳು ಬರುತ್ತವೆ, ಭಾನುವಾರ ಸಂಜೆ ವಾಪಸ್ ಹೋಗುತ್ತವೆ. ಆ ಟೆಲಿಸ್ಕೋಪಿಗೆ ಕಣ್ಣಿಟ್ಟು ಶನಿಯ ಉಂಗುರ ನೋಡಿದ ಮಗು ಬೆಂಗಳೂರಿನದ್ದು. ಅದೇ ಆಕಾಶದ ಕೆಳಗೆ ವರ್ಷಪೂರ್ತಿ ಮಲಗುವ ಮಗುವಿಗೆ ಆ ಕಣ್ಣುಗಾಜು ಸಿಗೋದು ಯಾವಾಗ? ರಾಜಧಾನಿಯಲ್ಲಿ ವಿಜ್ಞಾನದ ಮಾತಿಗೆ ಬರ ಇಲ್ಲ. ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು. ವಾರ ವಾರ ಉಪನ್ಯಾಸ, ಬಾಗಿಲು ಎಲ್ಲರಿಗೂ ತೆರೆದಿತ್ತು, ಟಿಕೆಟ್ ಇಲ್ಲ. 1989ರಲ್ಲಿ ನೆಹರು ತಾರಾಲಯ ಬಂತು. ಆದರೆ ಆ ತಾರಾಲಯದ ಗುಮ್ಮಟದೊಳಗೆ ಕಾಣಿಸೋದು ನಕಲಿ ನಕ್ಷತ್ರ. ಅಸಲಿ ನಕ್ಷತ್ರ ಇರೋ ಊರಿಗೆ ಉಪನ್ಯಾಸ ಇಲ್ಲ, ಉಪನ್ಯಾಸ ಇರೋ ಊರಿಗೆ ನಕ್ಷತ್ರ ಇಲ್ಲ. ಇದು ನಮ್ಮ ರಾಜ್ಯದ ಸ್ಥಿತಿ.

ಕೆಲವರು ಹೇಳ್ತಾರೆ, ಹಳ್ಳಿಯಲ್ಲಿ ವಿಜ್ಞಾನದ ಭಾಷಣ ಯಾರು ಕೇಳ್ತಾರೆ ಸ್ವಾಮಿ ಅಂತ. ಈ ಮಾತು ಆಡುವವರು ಆ ಸೀಮೆಯನ್ನು ನೋಡಿಲ್ಲ. ಕೊಳ್ಳೇಗಾಲ, ಹನೂರು ಸೀಮೆ ಅಂದ್ರೆ ರಾತ್ರಿಯಿಡೀ ಕೂತು ಕೇಳುವ ಜನರ ಸೀಮೆ. ನೀಲಗಾರರು ಮಂಟೇಸ್ವಾಮಿ ಕಥೆ ಎತ್ತಿದರೆ, ದೇವರಗುಡ್ಡರು ಕಂಸಾಳೆ ಹಿಡಿದು ಮಾದಪ್ಪನ ಕಥೆ ಎತ್ತಿದರೆ, ಬೆಳಗಿನ ತನಕ ಜನ ಏಳಲ್ಲ. ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿ ಜಾತ್ರೆ ಶುರುವಾಗೋದೇ ಬನದ ಹುಣ್ಣಿಮೆಯ ರಾತ್ರಿ, ಚಂದ್ರಮಂಡಲಕ್ಕೆ ಬೆಂಕಿ ಹೊತ್ತಿಸಿ. ಜ್ವಾಲೆ ಯಾವ ದಿಕ್ಕಿಗೆ ವಾಲುತ್ತೋ ಆ ದಿಕ್ಕಿನವರಿಗೆ ಮಳೆ ಬೆಳೆ ಚೆನ್ನಾಗಿ ಆಗುತ್ತೆ ಅಂತ ನಂಬಿಕೆ. ನಂಬಿಕೆ ಪಕ್ಕಕ್ಕಿಡಿ. ಸಾವಿರಾರು ಜನ ತುಂಬುಚಂದಿರನ ಕೆಳಗೆ ಸೇರಿ, ತಲೆ ಎತ್ತಿ, ಮಳೆಯ ಬಗ್ಗೆ ಯೋಚಿಸುತ್ತಾ ನಿಂತಿರುತ್ತಾರೆ. ಇದಕ್ಕಿಂತ ಒಳ್ಳೆಯ ಸಭೆ ಯಾವ ವಿಜ್ಞಾನಿಗೆ ಸಿಗುತ್ತೆ ಹೇಳಿ?

ಏನು ಮಾತಾಡಬೇಕು? ಕಪ್ಪುಕುಳಿಯಿಂದ ಶುರು ಮಾಡಬೇಡಿ. ಮಳೆ ನಕ್ಷತ್ರದಿಂದ ಶುರು ಮಾಡಿ. ಆ ಭಾಗದ ರೈತರಿಗೆ ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಬಾಯಿಪಾಠ. ಆದರೆ ಒಂದು ಪ್ರಶ್ನೆ ಕೇಳಿ ನೋಡಿ: ಮೇ 25ರ ಸುಮಾರಿಗೆ ರೋಹಿಣಿ ಮಳೆ ಶುರುವಾಗುತ್ತಲ್ಲ, ಆವತ್ತು ರಾತ್ರಿ ರೋಹಿಣಿ ನಕ್ಷತ್ರ ಎಲ್ಲಿ ಕಾಣುತ್ತೆ? ಉತ್ತರ, ಎಲ್ಲೂ ಕಾಣಲ್ಲ! ಯಾಕಂದ್ರೆ ರೋಹಿಣಿ ಮಳೆ ಅಂದ್ರೆ ಸೂರ್ಯನೇ ಆ ನಕ್ಷತ್ರದ ದಿಕ್ಕಿನಲ್ಲಿ ಇರುವ ದಿನಗಳು. ನಕ್ಷತ್ರ ಹಗಲಲ್ಲಿ ಸೂರ್ಯನ ಜೊತೆಗೇ ಹುಟ್ಟಿ ಸೂರ್ಯನ ಜೊತೆಗೇ ಮುಳುಗುತ್ತೆ. ವರ್ಷಕ್ಕೆ 27 ನಕ್ಷತ್ರ, ಒಂದೊಂದರ ಪಾಲಿಗೆ 13–14 ದಿನ. ರೋಹಿಣಿಯನ್ನು ಕಣ್ಣಾರೆ ನೋಡಬೇಕು ಅಂದ್ರೆ ರಾಗಿ ಕಣಕ್ಕೆ ಬರುವ ಡಿಸೆಂಬರ್, ಜನವರಿ ರಾತ್ರಿಗೆ ಕಾಯಬೇಕು. ಅಂದ್ರೆ ನಮ್ಮ ಹಿರಿಯರು ಕಾಣದ ನಕ್ಷತ್ರವನ್ನು ಲೆಕ್ಕ ಹಾಕಿ ಮಳೆಗೆ ಹೆಸರಿಟ್ಟಿದ್ದಾರೆ. ಈ ಒಂದು ವಿಷಯ ಇಟ್ಟುಕೊಂಡು ಒಂದು ಗಂಟೆ ಮಾತಾಡಬಹುದು. ಭೂಮಿ ಸೂರ್ಯನನ್ನು ಸುತ್ತುತ್ತೆ ಅನ್ನೋದಕ್ಕೆ ಇದಕ್ಕಿಂತ ಸರಳವಾದ ಪಾಠ ನನಗಂತೂ ನಾಲ್ಕು ವರ್ಷದ ಇಂಜಿನಿಯರಿಂಗ್‌ನಲ್ಲಿ ಸಿಗಲಿಲ್ಲ.

ಕಾಡಿನ ನಡಿಗೆಯ ವಿಷಯವೂ ಹೀಗೇ. ನೇಚರ್ ವಾಕ್ ಅಂದ್ರೆ ಹೊರಗಿನಿಂದ ಬಂದ ಪರಿಣತ ಮುಂದೆ, ಊರಿನವರು ಹಿಂದೆ ಅನ್ನೋ ಅಭ್ಯಾಸ ಆಗಿಬಿಟ್ಟಿದೆ. ಸೋಲಿಗರ ಜೊತೆ ಅರ್ಧ ದಿನ ನಡೆದು ನೋಡಿ. ಹೆಜ್ಜೇನು, ತುಡುವೆ, ಕೋಲುಜೇನು, ನಸರಿ ಜೇನು, ಯಾವುದು ಎಲ್ಲಿ ಗೂಡು ಕಟ್ಟುತ್ತೆ, ಯಾವ ಹೂವಿನ ಕಾಲದಲ್ಲಿ ಯಾವುದರ ತುಪ್ಪ ಅಂತ ಅವರು ಹೇಳ್ತಾರೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಏಟ್ರೀ ಸಂಸ್ಥೆಯ ಸಂಶೋಧಕರು ಕಣಜದ ಒಂದು ಹೊಸ ಕುಲವನ್ನೇ ಪತ್ತೆ ಮಾಡಿ ಅದಕ್ಕೆ ‘ಸೋಲಿಗ’ ಅಂತ ಹೆಸರಿಟ್ಟರು. ವಿಜ್ಞಾನದ ಲ್ಯಾಟಿನ್ ಪಟ್ಟಿಯಲ್ಲಿ ಆ ಸಮುದಾಯದ ಹೆಸರು ಸೇರಿಕೊಂಡಿದೆ. ಹಾಗಿದ್ದ ಮೇಲೆ ಕಾಡಿನ ನಡಿಗೆಯಲ್ಲಿ ಸೋಲಿಗರ ಹಿರಿಯರು ಮೂಟೆ ಹೊರೋದಕ್ಕೆ ಮಾತ್ರ ಯಾಕೆ? ಅವರೇ ಮೇಷ್ಟ್ರು ಆಗಬೇಕು, ಮೇಷ್ಟ್ರಿಗೆ ಕೊಡುವ ಸಂಭಾವನೆ ಅವರಿಗೂ ಸಿಗಬೇಕು.

ಆ ಭಾಗದಲ್ಲಿ ಈ ಕೆಲಸಕ್ಕೆ ಕೈ ಹಾಕಿದವರೂ ಇದ್ದಾರೆ. ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿಯವರ ತಂಡ ಹೊಳೆಮತ್ತಿ ಹೆಸರಿನಲ್ಲಿ ಒಂದು ನಿಸರ್ಗ ಮಾಹಿತಿ ಕೇಂದ್ರ ಕಟ್ಟಿದೆ. ಹೊಳೆಮತ್ತಿ ಅಂದ್ರೆ ಕಾವೇರಿ ದಡದ ಆ ದೊಡ್ಡ ಮರ. ಕಾವೇರಿ ವನ್ಯಧಾಮದಲ್ಲಿ ಅದರ ಕೊಂಬೆಗಳ ಮೇಲೆ ಬೂದುಬಣ್ಣದ ಬೆಟ್ಟಳಿಲು ಓಡಾಡುತ್ತೆ, ಕರ್ನಾಟಕದಲ್ಲಿ ಬಹಳ ಅಪರೂಪದ ಪ್ರಾಣಿ ಅದು. ಇಂಥ ಕೇಂದ್ರ ಒಂದಿದ್ದರೆ ಸಾಲದು, ಹೋಬಳಿಗೊಂದು ಬೇಕು.

ಯಾಕೆ ಬೇಕು ಅನ್ನೋದಕ್ಕೆ ಆ ಐದು ಹುಲಿಗಳ ಕಡೆ ಮತ್ತೆ ಬರ್ತೀನಿ. ಹುಲಿ ಒಂದು ಹಸುವನ್ನು ಕೊಂದಿತ್ತು. ಆ ಹಸುವಿನ ಕಳೇಬರಕ್ಕೆ ವಿಷ ಬಿತ್ತು. ಆ ಸೀಮೆಯಲ್ಲಿ ಹೆಸರಿನ ಕೊನೆಗೆ ‘ದೊಡ್ಡಿ’ ಅಂತ ಇರುವ ಊರುಗಳು ಎಷ್ಟಿವೆ ನೋಡಿ. ದೊಡ್ಡಿ ಅಂದ್ರೆ ದನ ಕೂಡುವ ಜಾಗ. ಅಲ್ಲಿನವರಿಗೆ ಹಸು ಅಂದ್ರೆ ಬ್ಯಾಂಕ್ ಖಾತೆ. ಹಸು ಸತ್ತ ದಿನ ಅವರಿಗೆ ಯಾರೂ ಪ್ರಕೃತಿ ಪ್ರೇಮದ ಪಾಠ ಹೇಳಕ್ಕಾಗಲ್ಲ. ಹೇಳಬೇಕಾದ್ದು ಹಸು ಸಾಯೋದಕ್ಕೆ ಮುಂಚೆ: ಕೊಟ್ಟಿಗೆ ಹೇಗೆ ಭದ್ರ ಮಾಡಬೇಕು, ಹಸು ಹೋದರೆ ಪರಿಹಾರಕ್ಕೆ ಯಾರಿಗೆ ಹೇಳಬೇಕು, ಹುಲಿ ಯಾಕೆ ಇತ್ತ ಬಂತು. ಒಂದು ನಡಿಗೆಯಿಂದ ಆ ಹುಲಿಗಳು ಉಳೀತಿದ್ದವು ಅಂತ ನಾನು ಹೇಳ್ತಿಲ್ಲ. ಆದರೆ ಪ್ರಕೃತಿ ಶಿಬಿರಕ್ಕೆ ಮೊದಲ ಆಹ್ವಾನ ಹೋಗಬೇಕಾದ್ದು ದನ ಮೇಯಿಸುವವನಿಗೆ, ಕ್ಯಾಮೆರಾ ಇರುವವನಿಗಲ್ಲ ಅಂತ ಖಂಡಿತ ಹೇಳ್ತೀನಿ.

ಇಷ್ಟು ಹೇಳಿದ ಮೇಲೆ ಶಾಗ್ಯದ ಒಬ್ಬ ರೈತ ನನ್ನನ್ನು ಹೀಗೆ ಕೇಳಬಹುದು: “ಆನ ಬತ್ತದ ಕಣ ಸಾ. ನಿಮ್ಗ ಚುಕ್ಕಿ ಬೇಕು, ನಮ್ಗ ಲೈಟು ಬೇಕು.” ಇದು ನ್ಯಾಯವಾದ ಮಾತು. ಸ್ಟುಡಿಯೋದ ಬೆಳಕಿನಲ್ಲಿ ಕೂತು ಕತ್ತಲೆ ಚೆಂದ ಅನ್ನೋದು ಸುಲಭ. ಬೆಳಗಿನ ಜಾವ ಹೊಲಕ್ಕೆ ಹೋಗುವವರಿಗೆ ಕತ್ತಲೆ ಅಂದ್ರೆ ಪ್ರಾಣಭಯ. ಬೀದಿದೀಪ ಬೇಡ ಅನ್ನೋ ಹಕ್ಕು ನನಗಿಲ್ಲ, ಕ್ಯಾಂಪಿಗೆ ಬರುವವರಿಗೂ ಇಲ್ಲ.

ಆದರೆ ಇಲ್ಲಿ ಒಂದು ಇಂಜಿನಿಯರಿಂಗ್ ಪ್ರಶ್ನೆ ಇದೆ. ದೀಪ ಹಾಕಿದ್ದು ಯಾತಕ್ಕೆ? ನೆಲ ಕಾಣಲಿ ಅಂತ. ಹಾಗಿದ್ದರೆ ಬೆಳಕು ಪಕ್ಕಕ್ಕೂ ಮೇಲಕ್ಕೂ ಯಾಕೆ ಹೋಗಬೇಕು? ಮೇಲೆ ಹೋದ ಬೆಳಕಿಗೂ ಪಂಚಾಯಿತಿ ಕರೆಂಟ್ ಬಿಲ್ ಕಟ್ಟುತ್ತೆ. ಕಣ್ಣಿಗೆ ನೇರವಾಗಿ ಹೊಡೆಯುವ ಬಿಳಿ ದೀಪದ ಆಚೆ ಆನೆ ನಿಂತಿದ್ದರೂ ಕಾಣಲ್ಲ, ಕಣ್ಣು ಕೋರೈಸುತ್ತೆ. ದೀಪದ ಮೇಲೆ ಒಂದು ಮುಚ್ಚಳ ಹಾಕಿ ಮುಖ ನೆಲಕ್ಕೆ ತಿರುಗಿಸಿದರೆ ದಾರಿಗೆ ಹೆಚ್ಚು ಬೆಳಕು, ಆಕಾಶಕ್ಕೆ ಹೆಚ್ಚು ಕತ್ತಲೆ. ಬಿಳಿ ಎಲ್‌ಇಡಿ ಬದಲು ಹಳದಿ ಛಾಯೆಯದ್ದು ಹಾಕಿದರೆ ಇನ್ನೂ ಒಳ್ಳೆಯದು, ಯಾಕಂದ್ರೆ ಗಾಳಿಯಲ್ಲಿ ಹೆಚ್ಚು ಚದುರಿ ಆಕಾಶವನ್ನು ಮಸುಕು ಮಾಡೋದು ನೀಲಿ ಬೆಳಕು.

ಇದು ಪುಸ್ತಕದ ಮಾತಲ್ಲ. ಮಹಾರಾಷ್ಟ್ರದ ಪೆಂಚ್ ಹುಲಿ ಸಂರಕ್ಷಿತ ಪ್ರದೇಶಕ್ಕೆ 2024ರ ಜನವರಿಯಲ್ಲಿ ಭಾರತದ ಮೊದಲ ಡಾರ್ಕ್ ಸ್ಕೈ ಪಾರ್ಕ್ ಅನ್ನೋ ಅಂತಾರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಅಲ್ಲೂ ಹುಲಿ ಇದೆ, ಹಳ್ಳಿ ಇದೆ. ಅವರು ದೀಪ ಆರಿಸಲಿಲ್ಲ. ಸುತ್ತಲಿನ ಹಳ್ಳಿಗಳ ಬೀದಿದೀಪಗಳನ್ನು ನೆಲದ ಕಡೆಗೆ ತಿರುಗಿಸಿದರು. ಲಡಾಖಿನ ಹಾನ್ಲೆಯಲ್ಲಿ 2022ರಲ್ಲಿ ಕತ್ತಲೆ ಆಕಾಶದ ಸಂರಕ್ಷಿತ ಪ್ರದೇಶ ಘೋಷಣೆ ಆಯ್ತು. ಅಲ್ಲಿ ಪ್ರವಾಸಿಗರಿಗೆ ಟೆಲಿಸ್ಕೋಪ್ ತೋರಿಸೋದು ಊರಿನವರೇ. 24 ಜನರಿಗೆ ತರಬೇತಿ ಕೊಟ್ಟು ದೂರದರ್ಶಕ ಕೈಗೆ ಕೊಟ್ಟರು. ತರಬೇತಿ ಕೊಟ್ಟ ಸಂಸ್ಥೆ ಯಾವುದು ಗೊತ್ತಾ? ನಮ್ಮ ಬೆಂಗಳೂರು ಕೋರಮಂಗಲದ ಅದೇ ಖಭೌತ ಸಂಸ್ಥೆ. ಲಡಾಖಿಗೆ ಹೋಗಿ ಮಾಡಿದ್ದನ್ನು ಹನೂರಿಗೆ ಬಂದು ಮಾಡೋದು ಅಷ್ಟು ದೂರವೇ?

ಸಮಯ ಮಾತ್ರ ಬಹಳ ಇಲ್ಲ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ರಾತ್ರಿ ಆಕಾಶದ ಹೊಳಪು ಜಗತ್ತಿನಾದ್ಯಂತ ಸರಾಸರಿ ವರ್ಷಕ್ಕೆ ಶೇ. 10ರ ಹತ್ತಿರ ಏರ್ತಾ ಇದೆ. ಹುಟ್ಟಿದಾಗ 250 ನಕ್ಷತ್ರ ಕಾಣ್ತಿದ್ದ ಊರಿನ ಮಗುವಿಗೆ 18 ತುಂಬುವ ಹೊತ್ತಿಗೆ ಕಾಣೋದು 100. ಬೆಂಗಳೂರಿನಲ್ಲಿ ಆಗಿಹೋಗಿದೆ. ಶಾಗ್ಯದಲ್ಲಿ ಇನ್ನೂ ತಡೀಬಹುದು.

ದುಡ್ಡು ಬೇಕು ಅಂತೀರಾ? ಒಂದು ಕಾರ್ಯಕ್ರಮಕ್ಕೆ ಒಂದು ಕೋಲು ಸಾಕು. ಆಗಸ್ಟ್ 20ರ ಆಸುಪಾಸಿನಲ್ಲಿ ಮಧ್ಯಾಹ್ನ ಸುಮಾರು 12 ಗಂಟೆ 20 ನಿಮಿಷಕ್ಕೆ ಶಾಗ್ಯದಲ್ಲಿ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರಲ್ಲ. ಶೂನ್ಯ ನೆರಳಿನ ದಿನ ಇದು. ಏಪ್ರಿಲ್ 22ರ ಸುಮಾರಿಗೂ ಆಗುತ್ತೆ, ಆದರೆ ಆಗ ಬೇಸಿಗೆ ರಜೆ. ಆಗಸ್ಟ್‌ನಲ್ಲಿ ಶಾಲೆ ಇರುತ್ತೆ. ಆ ಭಾಗದ ಮೇಷ್ಟ್ರುಗಳೇ, ಮಕ್ಕಳನ್ನು ಅಂಗಳಕ್ಕೆ ಕರ್ಕೊಂಡು ಬನ್ನಿ.

ಇನ್ನೊಂದು ಮಾತು ನಮ್ಮ ಮಾಧ್ಯಮದವರಿಗೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣ ನೆನಪಿದೆಯಾ? ಆವತ್ತು ಕೊಡಗಿನಲ್ಲಿ ಜನ ಸೌರ ಕನ್ನಡಕ ಹಾಕಿಕೊಂಡು ಬೆಂಕಿಯ ಬಳೆ ನೋಡ್ತಿದ್ದರು. ಅದೇ ಹೊತ್ತಿಗೆ ಕಲಬುರಗಿ ಪಕ್ಕದ ತಾಜ್‌ಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು, ವಾಸಿಯಾಗುತ್ತೆ ಅಂತ, ಕುತ್ತಿಗೆ ತನಕ ಮಣ್ಣಲ್ಲಿ ಹೂತಿದ್ದರು. ಒಂದೇ ರಾಜ್ಯ, ಒಂದೇ ಗ್ರಹಣ. ಗ್ರಹಣದ ದಿನ ಸ್ಟುಡಿಯೋದಲ್ಲಿ ರಾಶಿಫಲ ಹೇಳೋರಿಗೆ ಕೊಡುವ ಕುರ್ಚಿಗಳಲ್ಲಿ ಒಂದನ್ನಾದರೂ ಒಬ್ಬ ವಿಜ್ಞಾನ ಮೇಷ್ಟ್ರಿಗೆ ಕೊಟ್ಟರೆ ಯಾವ ಟಿಆರ್‌ಪಿಯೂ ಮುಳುಗಿ ಹೋಗಲ್ಲ.

ಕೊನೆಯದಾಗಿ, ಜಿಲ್ಲಾಡಳಿತಕ್ಕೆ ಮತ್ತು ಬೆಟ್ಟದ ಪ್ರಾಧಿಕಾರಕ್ಕೆ ಒಂದು ಸಲಹೆ. ಮಹಾಶಿವರಾತ್ರಿ ಅಂದ್ರೆ ಅಮಾವಾಸ್ಯೆಯ ಹಿಂದಿನ ರಾತ್ರಿ. ಚಂದ್ರನ ಕಾಟ ಇಲ್ಲದ, ಜನ ನಿದ್ದೆ ಮಾಡದ ರಾತ್ರಿ. ಲಕ್ಷಾಂತರ ಭಕ್ತರು ಮಾದಪ್ಪನ ಬೆಟ್ಟಕ್ಕೆ ಬರ್ತಾರೆ, ಎಷ್ಟೋ ಜನ ನಡೆದೇ ಬರ್ತಾರೆ. ಅವರು ವಿಶ್ರಾಂತಿಗೆ ಕೂರುವ ಕಡೆ, ಹನೂರಿನಲ್ಲಿ, ಕೌದಳ್ಳಿಯಲ್ಲಿ, ಶಾಲೆ ಮೈದಾನದಲ್ಲಿ, ಊರೊಳಗೇ, ಭದ್ರವಾಗಿ, ನಾಲ್ಕು ಟೆಲಿಸ್ಕೋಪ್ ಇಡಿ. ಪಕ್ಕದಲ್ಲಿ ಕನ್ನಡದಲ್ಲಿ ವಿವರಿಸುವ ನಾಲ್ಕು ಕಾಲೇಜು ಹುಡುಗ ಹುಡುಗಿಯರು ಇರಲಿ, ಅದೇ ತಾಲೂಕಿನವರು. ರಾತ್ರಿ 8ಕ್ಕೆ ದಕ್ಷಿಣದಲ್ಲಿ ಅಗಸ್ತ್ಯ. 2 ಗಂಟೆ ಹೊತ್ತಿಗೆ ತ್ರಿಶಂಕು. ಬೆಳಗಿನ ಜಾವಕ್ಕೆ ಆಗ್ನೇಯ ದಿಕ್ಕಿನಲ್ಲಿ ಏರಿ ಬರುವ ಆಕಾಶಗಂಗೆಯ ನಡುಭಾಗ. ಜಾಗರಣೆ ಮಾಡೋರಿಗೆ ರಾತ್ರಿಪೂರ್ತಿ ನೋಡೋಕೆ ಇದೆ.

ಅದು ನಡೆದರೆ ನಮ್ಮ ಓಬಿ ವ್ಯಾನನ್ನೂ ಕಳಿಸಿ ಅಂತ ನಾನು ಡೆಸ್ಕಿಗೆ ಈಗಲೇ ಹೇಳಿಟ್ಟಿದ್ದೀನಿ. ಬರೀ ಒಂದು ಷರತ್ತು: ಅಲ್ಲಿಗೆ ಹೋದ ಮೇಲೆ ಕ್ಯಾಮೆರಾ ಲೈಟು ಆಫ್.