ಪ್ರಸ್ಥಾನದ ಗಂಟು

(ಬಾನುಲಿ ಭಾಷಣ)

ನಮ್ಮ ಕಡೆ ಮನೆ ಬದಲಿಸುವವರು ಮೊದಲು ಪಂಚಾಂಗ ನೋಡುತ್ತಾರೆ, ಆಮೇಲೆ ಲಾರಿ ಗೊತ್ತುಮಾಡುತ್ತಾರೆ. ಆಷಾಢದಲ್ಲಿ ಹೊಸ ಮನೆಗೆ ಕಾಲಿಡುವುದಿಲ್ಲ. ಇದು ನಂಬಿಕೆಯ ಮಾತಾಯಿತು. ಆದರೆ ಆಷಾಢದ ಮಳೆಯಲ್ಲಿ ಆಗುಂಬೆಯ ಘಾಟಿ ಹತ್ತಿಸಿ ಮಂಚ, ಬೀರು, ಅಕ್ಕಿಮೂಟೆಗಳನ್ನು ಸಾಗಿಸಿದ ನನ್ನಂಥವನು ಪಂಚಾಂಗಕರ್ತನನ್ನು ಹಳಿಯಲಾರ. ಉಪಾಧ್ಯಾಯ ವೃತ್ತಿಯಲ್ಲಿ ಏಳು ಸಲ ವರ್ಗವಾದವನು ನಾನು. ಸಂಸಾರ ಸಾಗಿಸುವ ವಿಷಯದಲ್ಲಿ ಇನ್ನು ಕಲಿಯುವುದೇನೂ ಉಳಿದಿಲ್ಲವೆಂಬ ಸಣ್ಣದೊಂದು ಅಹಂಕಾರ ನನಗಿತ್ತು. ಅದು ಕರಗಿದ್ದು ಹಿಮದಲ್ಲಿ. ಅದೂ ಇನ್ನೂ ಬೀಳದಿದ್ದ ಹಿಮದಲ್ಲಿ.

ಕೆಲವು ವರ್ಷಗಳ ಹಿಂದೆ ನಾನೂ ನನ್ನಾಕೆಯೂ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಒಮಾಹಾ ನಗರದಲ್ಲಿ ಮಗಳ ಮನೆಯಲ್ಲಿದ್ದೆವು. ಅಳಿಯಂದಿರಿಗೆ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಹೊಸ ಕೆಲಸ ದೊರೆತಿತ್ತು. ಅಕ್ಟೋಬರ್ ತಿಂಗಳ ಮಧ್ಯಕ್ಕೆ ಹಾಜರಾಗಬೇಕು. ಸಾಮಾನುಗಳನ್ನು ಟ್ರಕ್ಕು ಮುಂದಾಗಿ ಕೊಂಡೊಯ್ದಿತ್ತು. ಮಗಳು, ಅಳಿಯ, ಇಬ್ಬರು ಮೊಮ್ಮಕ್ಕಳು, ಇಬ್ಬರು ಮುದುಕರು, ಹೀಗೆ ಆರು ಜನ ಒಂದು ದೊಡ್ಡ ಕಾರಿನಲ್ಲಿ ಹೋಗತಕ್ಕದ್ದೆಂದು ಏರ್ಪಾಡು. ದಾರಿ ಸುಮಾರು 1,600 ಮೈಲಿ. ಬೆಂಗಳೂರಿನಿಂದ ಹೊರಟು ದೆಹಲಿಯನ್ನು ದಾಟಿ ಇನ್ನೂ ಮುಂದಕ್ಕೆ ಹೋದಂತೆ. ಇಂಟರ್‌ಸ್ಟೇಟ್ 80 ಎಂಬ ಒಂದೇ ಹೆದ್ದಾರಿ ಆ ಊರಿನಿಂದ ಈ ಊರಿಗೆ ತಲುಪಿಸುತ್ತದೆ. ಅಳಿಯಂದಿರು ಒಂದು ಹಾಳೆಯ ಮೇಲೆ ಮೂರು ದಿನಗಳ ಲೆಕ್ಕ ಬರೆದರು. ಎಲ್ಲಿ ಊಟ, ಎಲ್ಲಿ ವಸತಿ, ಎಲ್ಲಿ ಪೆಟ್ರೋಲು, ಎಲ್ಲವೂ ಅದರಲ್ಲಿತ್ತು. ನನ್ನಾಕೆ ಅದಕ್ಕೆ ತನ್ನದೊಂದು ಸೇರಿಸಿದಳು: ಹೊರಡುವುದು ವಿಜಯದಶಮಿಯ ಬೆಳಿಗ್ಗೆ. ಸೀಮೋಲ್ಲಂಘನಕ್ಕೆ ಅದಕ್ಕಿಂತ ಪ್ರಶಸ್ತವಾದ ದಿನ ಯಾವುದು?

ಹೊರಡಲು ಎರಡು ದಿನವಿತ್ತು. ಅಳಿಯಂದಿರು ರಾತ್ರಿ ಊಟಕ್ಕೆ ಕುಳಿತಾಗ, “ಮಾವ, ದಶಮಿಯ ಮಾರನೆಯ ದಿನ ವೈಯೋಮಿಂಗಿನಲ್ಲಿ ಹಿಮ ಬೀಳುವ ಸೂಚನೆಯಿದೆ. ಗಾಳಿಯೂ ಬಲವಾಗಿರುತ್ತದಂತೆ” ಎಂದರು.

“ಅಕ್ಟೋಬರಿನಲ್ಲಿ ಹಿಮವೆ? ಬಿದ್ದರೂ ಎಷ್ಟು ಬಿದ್ದೀತು?” ಎಂದೆ ನಾನು. ಮೊದಲ ಮಳೆಗೆ ಯಾರಾದರೂ ಹೆದರುತ್ತಾರೆಯೆ ಎಂಬುದು ನನ್ನ ಧ್ವನಿಯಲ್ಲಿತ್ತು.

ನನ್ನ ತಿಳಿವಳಿಕೆ ತಲೆಕೆಳಗಾಗಿತ್ತೆಂದು ಗೊತ್ತಾದದ್ದು ಪಕ್ಕದ ಮನೆಯ ವೃದ್ಧರಿಂದ. ಆತ ರೈತರ ಮನೆತನದವರು, ಮಿತಭಾಷಿ. ಜನವರಿಯ ಹಿಮಕ್ಕಿಂತ ಅಕ್ಟೋಬರಿನದೇ ಅಪಾಯವೆಂದರು ಅವರು. ನಡುಚಳಿಗಾಲಕ್ಕೆ ಎಲ್ಲರೂ ಸಿದ್ಧರಾಗಿರುತ್ತಾರೆ. ಕಾಲಕ್ಕೆ ಮುಂಚೆ ಬಂದದ್ದಕ್ಕೆ ಯಾರೂ ಸಿದ್ಧರಿರುವುದಿಲ್ಲ. ಕಾರುಗಳಿಗೆ ಬೇಸಿಗೆಯ ಟಯರೇ ಇರುತ್ತದೆ. ನೆಲವಿನ್ನೂ ಬೆಚ್ಚಗಿರುವುದರಿಂದ ಮೊದಲು ಬಿದ್ದ ಹಿಮ ಕರಗಿ ನೀರಾಗುತ್ತದೆ. ಸಂಜೆ ಅದೇ ನೀರು ಗಾಜಿನಂತೆ ಹೆಪ್ಪುಗಟ್ಟುತ್ತದೆ. ಸೇತುವೆಗಳಿಗೆ ಮೇಲೂ ಕೆಳಗೂ ಗಾಳಿ ತಾಗುವುದರಿಂದ ಉಳಿದ ರಸ್ತೆ ಒದ್ದೆಯಾಗಿರುವಾಗಲೇ ಅವು ಗಟ್ಟಿಯಾಗಿರುತ್ತವೆ. ಬೀದಿಯ ಮರಗಳನ್ನು ತೋರಿಸಿ ಅವರು 1997ರ ಅಕ್ಟೋಬರಿನ ಕಥೆ ಹೇಳಿದರು. ಎಲೆಯಿನ್ನೂ ಉದುರದಿದ್ದ ಒಮಾಹಾದ ಮರಗಳ ಮೇಲೆ ನೀರುತುಂಬಿದ ಭಾರವಾದ ಹಿಮ ಬಿದ್ದು, ಎಲೆ ಎಲೆಯೂ ಅದನ್ನು ಹಿಡಿದುಕೊಂಡಿತು. ಬೋಳುಮರವಾಗಿದ್ದರೆ ಜಾರಿಹೋಗುತ್ತಿದ್ದ ಭಾರಕ್ಕೆ ಊರಿಗೆ ಊರೇ ಕೊಂಬೆ ಮುರಿದು, ವಿದ್ಯುತ್ತಿನ ತಂತಿಗಳು ಹರಿದು ಕತ್ತಲಾಯಿತು. 2013ರ ಅಕ್ಟೋಬರ್ ಮೊದಲ ವಾರದಲ್ಲಿ ಪಕ್ಕದ ದಕ್ಷಿಣ ಡಕೋಟಾದಲ್ಲಿ ಸಾವಿರಾರು ದನಗಳು ಸತ್ತವು. ಚಳಿಗಾಲದ ದಟ್ಟ ರೋಮ ಅವುಗಳಿಗೆ ಇನ್ನೂ ಬೆಳೆದಿರಲಿಲ್ಲ, ಬೇಸಿಗೆಯ ಬಯಲಿನಿಂದ ಇನ್ನೂ ಅವನ್ನು ಹಿಂದಕ್ಕೆ ತಂದಿರಲಿಲ್ಲ. ಮೊದಲು ಮಳೆ ನೆನೆಸಿತು, ಆಮೇಲೆ ಹಿಮ ಬಂತು. ಆತ ದನಗಳ ವಿಷಯ ಹೇಳುವಾಗ ಮಾತ್ರ ಸ್ವಲ್ಪ ನಿಂತರು. ಹಟ್ಟಿಯಲ್ಲಿ ಹುಟ್ಟಿ ಬೆಳೆದ ನನಗೆ ಆ ನಿಲುಗಡೆ ಅರ್ಥವಾಯಿತು.

ಆಮೇಲೆ ಭೂಪಟ ಬಿಚ್ಚಿದರು. ಒಮಾಹಾದಿಂದ ರಸ್ತೆ ಪ್ಲ್ಯಾಟ್ ನದಿಯ ದಂಡೆ ಹಿಡಿದು ಮೆಲ್ಲಮೆಲ್ಲನೆ ಏರುತ್ತದೆ. ಏರುತ್ತಿದ್ದೇವೆಂದು ತಿಳಿಯುವುದೇ ಇಲ್ಲ. ವೈಯೋಮಿಂಗಿನ ಷೈಯೆನ್ ಮತ್ತು ಲ್ಯಾರಮಿ ಊರುಗಳ ನಡುವೆ ಅದು 8,640 ಅಡಿ ಮುಟ್ಟುತ್ತದೆ. ಇಡೀ ಹೆದ್ದಾರಿಯ ಅತ್ಯುನ್ನತ ಸ್ಥಳವದು. ಆದರೆ ನಿಜವಾದ ಕಷ್ಟ ಶಿಖರದಲ್ಲಿಲ್ಲ, ಲ್ಯಾರಮಿಯಿಂದ ಆಚೆಗಿನ ಬಯಲಿನಲ್ಲಿದೆ. ಹಳೆಯ ರಸ್ತೆ ಉತ್ತರಕ್ಕೆ ಬಳಸಿ, ರೈಲುಹಾದಿಯ ಜೊತೆಜೊತೆಗೆ ಮೆಡಿಸಿನ್ ಬೋ ಎಂಬ ಊರಿನ ಮೇಲೆ ಹೋಗುತ್ತಿತ್ತು. ಹೊಸದನ್ನು ಇಂಜಿನಿಯರುಗಳು ನೇರವಾಗಿ ಎಲ್ಕ್ ಪರ್ವತದ ಬುಡದಲ್ಲಿ ಎಳೆದರು; ಸುಮಾರು ಇಪ್ಪತ್ತು ಮೈಲಿ ಉಳಿತಾಯ. ಅಲ್ಲಿಯ ಗಾಳಿಯನ್ನು ಬಲ್ಲ ಊರವರು ಬೇಡವೆಂದರೂ ಕೇಳಲಿಲ್ಲ. 1970ರ ಅಕ್ಟೋಬರ್ 3ರಂದು ರಸ್ತೆ ತೆರೆಯಿತು. ಆ ವಾರ ಕಳೆಯುವುದರೊಳಗೆ ಹಿಮಗಾಳಿಗೆ ಮುಚ್ಚಿತು. ಅಲ್ಲಿ ಆಕಾಶದಿಂದ ಹಿಮ ಬೀಳಬೇಕೆಂದೇ ಇಲ್ಲ. ನೆತ್ತಿಯ ಮೇಲೆ ನೀಲಿ ಬಾನು ಇರುವಾಗಲೇ, ನೆಲದಲ್ಲಿ ಬಿದ್ದ ಹಿಮವನ್ನು ಗಾಳಿ ಎಬ್ಬಿಸಿ ರಸ್ತೆಯಡ್ಡಲಾಗಿ ಹೊಳೆಯಂತೆ ಹರಿಸುತ್ತದೆ. ಮುಂದಿನ ಗಾಡಿಯ ದೀಪವೂ ಕಾಣುವುದಿಲ್ಲ. ಮಾರನೆಯ ವರ್ಷದಿಂದ ರೊನಾಲ್ಡ್ ಟ್ಯಾಬ್ಲರ್ ಎಂಬ ವಿಜ್ಞಾನಿಯ ಲೆಕ್ಕಾಚಾರದಂತೆ ರಸ್ತೆಯ ಪಕ್ಕದ ಹೊಲಗಳಲ್ಲಿ ಹಿಮಬೇಲಿಗಳು ಎದ್ದವು. ಬೇಲಿಯೆಂದರೆ ಗೋಡೆಯಲ್ಲ, ಅರ್ಧ ಹಲಗೆ, ಅರ್ಧ ಸಂದು. ಗಾಳಿಯನ್ನು ತಡೆಯದೆ ನಿಧಾನಗೊಳಿಸುವುದಷ್ಟೆ ಅದರ ಕೆಲಸ. ನಿಧಾನವಾದ ಗಾಳಿ ಹೊತ್ತ ಹಿಮವನ್ನು ಬೇಲಿಯ ಹಿಂದೆಯೇ ಇಳಿಸಿ ಮುಂದಕ್ಕೆ ಹೋಗುತ್ತದೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೊಮ್ಮಗಳ ಪಾಠದ ಪುಸ್ತಕವೊಂದರಲ್ಲಿ ಡಾನರ್ ತಂಡದ ವೃತ್ತಾಂತವಿತ್ತು, ಅದನ್ನು ಓದಿದೆ. 1846ರ ಏಪ್ರಿಲ್‌ನಲ್ಲಿ ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡಿನಿಂದ ಎತ್ತಿನ ಬಂಡಿಗಳಲ್ಲಿ ಹೊರಟ ಸಂಸಾರಗಳು ಅವು. ಹಾದಿಯಲ್ಲಿ ಕೂಡಿದವರೂ ಸೇರಿ 87 ಜನ, ಮಕ್ಕಳೇ ಬಹಳ. ಅವರೂ ಇದೇ ಪ್ಲ್ಯಾಟ್ ನದಿಯ ಗುಂಟ ಬಂದವರು. ಅವರ ಗುರಿ ಸಟರ್ ಕೋಟೆ. ಆ ಕೋಟೆ ಇರುವುದು ಇಂದಿನ ಸ್ಯಾಕ್ರಮೆಂಟೊದಲ್ಲಿ. ಓದುತ್ತ ಇಲ್ಲಿಗೆ ಬಂದಾಗ ಪುಸ್ತಕ ಮಡಿಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಹತ್ತಿರದ ದಾರಿಯೆಂದು ಯಾರೋ ಹೇಳಿದ್ದನ್ನು ನಂಬಿ, ಹಾದಿಯೇ ಇಲ್ಲದ ಬೆಟ್ಟಗಳಲ್ಲಿ ಮರ ಕಡಿದು ಬಂಡಿ ನಡೆಸಿ, ಉಪ್ಪಿನ ಮರುಭೂಮಿಯಲ್ಲಿ ಎತ್ತುಗಳನ್ನು ಕಳೆದುಕೊಂಡು, ವಾರಗಟ್ಟಲೆ ಕಾಲ ಕಳೆದರು. ಅಕ್ಟೋಬರ್ ಕೊನೆಗೆ ಸಿಯೆರಾ ನೆವಾಡಾದ ಕಡೆಯ ಕಣಿವೆಗೆ ಬಂದಾಗ ಹಿಮ ಮುಂಚಿತವಾಗಿ ಬಿದ್ದು ದಾರಿ ಮುಚ್ಚಿತು. ಮೊದಲ ನೆರವು ಬಂದದ್ದು 1847ರ ಫೆಬ್ರವರಿಯಲ್ಲಿ. ಹೆಚ್ಚುಕಡಿಮೆ ಅರ್ಧದಷ್ಟು ಜನ ಉಳಿಯಲಿಲ್ಲ. ಉಳಿದವರಲ್ಲಿ ಕೆಲವರು ಏನನ್ನು ತಿಂದು ಉಳಿದರೆಂಬುದನ್ನು ಊಟದ ಹೊತ್ತಿನಲ್ಲಿ ಬಾನುಲಿ ಕೇಳುತ್ತಿರುವವರಿಗೆ ಹೇಳಲಾರೆ.

ಕಾರಿಗೂ ಎತ್ತಿನ ಬಂಡಿಗೂ ಹೋಲಿಕೆಯೇ ಎಂದು ತಾವು ಕೇಳಬಹುದು. ಇಲ್ಲ ನಿಜ. ಆದರೆ ಅವರು ಸತ್ತದ್ದು ಹಿಮ ಬಿದ್ದ ದಿನದ ಒಂದು ತಪ್ಪಿನಿಂದಲ್ಲ. ತಿಂಗಳುಗಳ ಹಿಂದೆಯೇ ಅವರ ಲೆಕ್ಕದಲ್ಲಿ ಬಿಡುವಿನ ದಿನಗಳು ಮುಗಿದುಹೋಗಿದ್ದವು. ಅಳಿಯಂದಿರ ಹಾಳೆಯನ್ನು ಮತ್ತೆ ತೆಗೆದು ನೋಡಿದೆ. ಮೂರು ದಿನದ ದಾರಿಗೆ ಮೂರೇ ದಿನವಿತ್ತು.

ಬೆಳಿಗ್ಗೆ ಮಾತು ತೆಗೆದೆ. ಅಳಿಯಂದಿರಿಗೆ ಮುಖ ಕೆಂಪಾಯಿತು. ಹೊಸ ಧಣಿಗಳಿಗೆ ಹೇಳುವ ಮೊದಲ ಮಾತೇ ‘ತಡವಾಗಿ ಬರುತ್ತೇನೆ’ ಎಂಬುದಾಗುವುದು ಅವರಿಗೆ ಅವಮಾನ. ಬಾಡಿಗೆ ಮನೆಯ ಬೀಗದ ಕೈ ಅಂದೇ ಒಪ್ಪಿಸಬೇಕು. ಇನ್ನು ನನ್ನಾಕೆ, ಅವಳಿಗೆ ದಶಮಿ ತಪ್ಪಬಾರದು. ದಕ್ಷಿಣದ ಬಳಸುದಾರಿಯ ಮಾತೂ ಬಂತು. ಅದರಲ್ಲಿ ಮಕ್ಕಳು ಕಾರಿನಲ್ಲಿ ಇನ್ನೊಂದು ದಿನ ಕೂರಬೇಕು. ನಾವು ಮೂವರೂ ದನಿಯೇರಿಸುವ ಹೊತ್ತಿಗೆ ಮಗಳು, “ಅಮ್ಮ, ತಾತ ಏನೋ ಗಂಟು ಇಟ್ಟುಬರುತ್ತಿದ್ದರು ಎನ್ನುತ್ತಿದ್ದೆಯಲ್ಲ?” ಎಂದಳು.

ನನ್ನಾಕೆಯ ಮುಖ ಸಡಿಲವಾಯಿತು. ಕಿರಿಯ ಕೇಳುಗರಿಗೆ ತಿಳಿಯದಿರಬಹುದು: ಇದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ಮುಹೂರ್ತಕ್ಕೆ ಸರಿಯಾಗಿ ಹೊರಡಲಾಗದವನು ತನ್ನ ಬಟ್ಟೆಯ ಗಂಟನ್ನೋ ಕೊಡೆಯನ್ನೋ ಆ ವೇಳೆಗೆ ನೆರೆಮನೆಯಲ್ಲಿ ಇಟ್ಟುಬರುತ್ತಾನೆ. ಪ್ರಯಾಣ ಹೊರಟಂತೆಯೇ ಲೆಕ್ಕ. ಒಂದೆರಡು ದಿನ ಬಿಟ್ಟು ಗಂಟನ್ನು ಎತ್ತಿಕೊಂಡು ಹೋದರಾಯಿತು. ಹೊಳೆ ತುಂಬಿದ ದಿನ ದಡದಲ್ಲಿ ಕಾದು ಬಲ್ಲವರು ಮಾಡಿಕೊಂಡ ಏರ್ಪಾಡಿರಬೇಕು ಅದು.

ದಶಮಿಯ ಬೆಳಿಗ್ಗೆ ನನ್ನಾಕೆ ಒಂದು ಸೀರೆ, ಒಂದು ಅರಿಸಿನ ಕುಂಕುಮದ ಬಟ್ಟಲು, ಒಂದು ಸೇರು ಅವಲಕ್ಕಿ ಕಟ್ಟಿ ಪಕ್ಕದ ಮನೆಯ ವೃದ್ಧರ ಕೈಗೆ ಕೊಟ್ಟಳು. ಸಂಗತಿ ವಿವರಿಸಿದಾಗ ಅವರಿಗೆ ಎಷ್ಟು ತಿಳಿಯಿತೋ ಕಾಣೆ. ಗಂಟನ್ನು ಬಾಗಿಲ ಪಕ್ಕದ ಮೇಜಿನ ಮೇಲಿಟ್ಟು, ನಮ್ಮನ್ನೂ ಅದರೊಂದಿಗೆ ಒಳಕ್ಕೆ ಕರೆದರು. ಎರಡು ರಾತ್ರಿ ಅವರ ನಡುಮನೆಯಲ್ಲಿ ಕಂಬಳಿ ಹಾಸಿ ಮಲಗಿದೆವು. ಆ ಬಿಡುವಿನಲ್ಲಿ ಅವರೇ ಕಾರಿಗೆ ಬೇಕಾದ್ದನ್ನು ಜೋಡಿಸಿದರು: ಕಂಬಳಿ, ನೀರು, ಟಾರ್ಚು, ಸಣ್ಣ ಸಲಿಕೆ, ಚಕ್ರದಡಿಗೆ ಚೆಲ್ಲಲು ಒಂದು ಚೀಲ ಮರಳು. ಪೆಟ್ರೋಲು ಅರ್ಧಕ್ಕಿಂತ ಕೆಳಗೆ ಇಳಿಯಬಾರದು. ಹಿಮದಲ್ಲಿ ಸಿಕ್ಕಿಬಿದ್ದರೆ ಕಾರು ಬಿಟ್ಟು ನಡೆಯಬಾರದು. ಹೊಗೆಕೊಳವೆಯ ಬಾಯನ್ನು ಹಿಮ ಮುಚ್ಚದಂತೆ ನೋಡಿಕೊಳ್ಳಬೇಕು, ಇಲ್ಲವಾದರೆ ವಿಷಾನಿಲ ಒಳಗೆ ತುಂಬುತ್ತದೆ. ಇದನ್ನು ಮಾತ್ರ ಆತ ಎರಡು ಸಲ ಹೇಳಿದರು.

ವೈಯೋಮಿಂಗಿನಲ್ಲಿ ಹೆದ್ದಾರಿಗೆ ರೈಲ್ವೆಯ ಲೆವೆಲ್ ಕ್ರಾಸಿಂಗಿನಲ್ಲಿರುವಂಥ ಗೇಟುಗಳಿವೆ. ಮುಂದೆ ದಾರಿ ಕೆಟ್ಟಿದ್ದರೆ, ತಂಗಲು ಸ್ಥಳವಿರುವ ಊರಿನಲ್ಲೇ ಪ್ರಯಾಣಿಕರನ್ನು ತಡೆದು ನಿಲ್ಲಿಸುತ್ತಾರೆ. ನಾವು ಹೋದಾಗ ಅವು ತೆರೆದಿದ್ದವು. ರಸ್ತೆ ಒಣಗಿತ್ತು, ಬಿಸಿಲಿತ್ತು. ಎಲ್ಕ್ ಪರ್ವತದ ಬುಡದಲ್ಲಿ ಬೇಲಿಗಳ ಹಿಂದೆ ಹಿಮ ಹತ್ತಿಯ ರಾಶಿಯಂತೆ ಬಿದ್ದಿತ್ತು. ಹೆದ್ದಾರಿಯ ಇಳಿಜಾರಿನಲ್ಲಿ ಮೂರು ಕಾರುಗಳೂ ಮಗುಚಿದ ಒಂದು ಟ್ರಕ್ಕೂ ಇನ್ನೂ ಹಾಗೆಯೇ ಇದ್ದವು. ಒಂದು ಕಾರಿನ ಹಿಂದಿನ ಗಾಜಿಗೆ ಒತ್ತಿಕೊಂಡು ಮಕ್ಕಳ ದಿಂಬು, ಮಡಿಚಿದ ತೊಟ್ಟಿಲು ಕಾಣಿಸುತ್ತಿದ್ದವು. ಅವರೂ ಮನೆ ಬದಲಿಸುತ್ತಿದ್ದವರೇ. ನಮ್ಮಲ್ಲಿ ಯಾರೂ ಮಾತಾಡಲಿಲ್ಲ.

ಅಳಿಯಂದಿರು ಕೆಲಸಕ್ಕೆ ಹಾಜರಾದದ್ದು ಎರಡು ದಿನ ತಡವಾಗಿ. ಅಲ್ಲಿ ಯಾರೂ ಕಾರಣವನ್ನೇ ಕೇಳಲಿಲ್ಲವಂತೆ. ಅವಲಕ್ಕಿಯನ್ನು ಮಕ್ಕಳು ದಾರಿಯಲ್ಲೇ ಮುಗಿಸಿದ್ದರು.