ಹೆಬ್ಬೆರಳಿನ ಉಪಚಾರ

ಜಪಾನೀ ಭಾಷೆಯಲ್ಲಿ ‘ಷಿ’ ಎಂದರೆ ಬೆರಳು, ‘ಆತ್ಸು’ ಎಂದರೆ ಒತ್ತು. ಎರಡೂ ಸೇರಿ ‘ಷಿಯಾತ್ಸು’. ನಮ್ಮ ಅಭ್ಯಂಜನದಂತೆ ಇದಕ್ಕೆ ಎಣ್ಣೆ ಬೇಡ, ಸೀಗೆಪುಡಿ ಬೇಡ. ತೊಟ್ಟ ಬಟ್ಟೆಯನ್ನು ಬಿಚ್ಚಬೇಕಾದ್ದೂ ಇಲ್ಲ. ನೆಲದ ಮೇಲೆ ಹಾಸಿದ ಹಾಸಿಗೆಯಲ್ಲಿ ನೀವು ಸುಮ್ಮನೆ ಮಲಗಿದರಾಯಿತು. ಉಪಚಾರ ಮಾಡುವವನು ಪಕ್ಕದಲ್ಲಿ ಮಂಡಿಯೂರಿ ಕುಳಿತು, ಹೆಬ್ಬೆರಳಿನ ತುದಿಯನ್ನಲ್ಲ, ಅದರ ಮೆತ್ತನೆಯ ಒಳಭಾಗವನ್ನು ನಿಮ್ಮ ಬೆನ್ನಿನ ಮೇಲಿಟ್ಟು, ತನ್ನ ಮೈಭಾರವನ್ನು ಮೆಲ್ಲಗೆ ಅದರ ಮೇಲೆ ಬಿಡುತ್ತಾನೆ. ಮೂರೋ ನಾಲ್ಕೋ ಸೆಕೆಂಡು, ಅಷ್ಟೆ. ಮತ್ತೆ ಮೆಲ್ಲಗೆ ಬೆರಳು ಸಡಿಲಿಸಿ, ತುಸು ಮುಂದಕ್ಕೆ ಸರಿಯುತ್ತಾನೆ. ಇಲ್ಲಿ ಕೆಲಸ ಮಾಡುವುದು ತೋಳಿನ ಬಲವಲ್ಲ, ಮೈಯ ತೂಕ. ಪೈಲ್ವಾನರೇ ಆಗಬೇಕೆಂದೇನೂ ಇಲ್ಲ.

ಈ ಪದ್ಧತಿಯನ್ನು ಜಪಾನಿನಲ್ಲಿ ಮನೆಮಾತಾಗಿಸಿದವರು ತೊಕುಜಿರೊ ನಾಮಿಕೊಷಿ. ೧೯೦೫ರಲ್ಲಿ ಷಿಕೊಕು ದ್ವೀಪದಲ್ಲಿ ಹುಟ್ಟಿದ ಇವರು ಏಳು ವರ್ಷದ ಹುಡುಗನಾಗಿದ್ದಾಗ ಮನೆಯವರೆಲ್ಲ ಉತ್ತರದ ಹೊಕ್ಕೈಡೊಗೆ ವಲಸೆ ಹೋದರು. ಅಲ್ಲಿಯದು ಮೂಳೆ ಕೊರೆಯುವ ಚಳಿ. ತಾಯಿಗೆ ಕೀಲುಕೀಲಿನಲ್ಲೂ ನೋವು ಹಿಡಿಯಿತು. ಮಕ್ಕಳು ತಾಯಿಯ ಮೈ ನೀವುವರು, ಒತ್ತುವರು. ಹಾಗೆ ಒತ್ತುತ್ತ ಒತ್ತುತ್ತ, ಎಲ್ಲಿ ಬಿಗಿದಿದೆ, ಎಲ್ಲಿ ತಣ್ಣಗಾಗಿದೆ ಎಂಬುದು ಈ ಹುಡುಗನ ಬೆರಳಿಗೆ ತಿಳಿಯತೊಡಗಿತು. ತಾಯಿಗೆ ಗುಣವಾಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಗುಣಕ್ಕೆ ಬೆರಳೊಂದೇ ಕಾರಣವೋ ಎಂದು ನೀವು ಕೇಳಬಹುದು, ಕೇಳಬೇಕಾದ ಪ್ರಶ್ನೆಯೇ. ಆದರೆ ಒತ್ತುವ ಮೊದಲು ಮುಟ್ಟಿ ತಿಳಿಯಬೇಕೆಂಬ ಪಾಠ ಅವರಿಗೆ ದೊರೆತದ್ದು ಆ ಮನೆಯಲ್ಲಿ. ಮುಂದೆ ೧೯೪೦ರಲ್ಲಿ ಟೋಕಿಯೋದಲ್ಲಿ ಶಾಲೆ ತೆರೆದರು. ೧೯೫೪ರಲ್ಲಿ ಚಿತ್ರತಾರೆ ಮೆರಿಲಿನ್ ಮನ್ರೋ ಜಪಾನಿಗೆ ಬಂದು ಅಸ್ವಸ್ಥರಾದಾಗ ಕರೆ ಹೋದದ್ದು ಇವರಿಗೇ.

ಷಿಯಾತ್ಸುವಿಗಿಂತ ಹಳೆಯದು ‘ಅನ್ಮಾ’ ಎಂಬ ಮೈ ನೀವುವ ಕಲೆ. ಎದೊ ಕಾಲದಲ್ಲಿ ಅದು ಕಣ್ಣಿಲ್ಲದ ಅನೇಕರ ಜೀವನೋಪಾಯವಾಗಿತ್ತು. ರಾತ್ರಿಯ ಬೀದಿಯಲ್ಲಿ ಸಣ್ಣ ಕೊಳಲಿನ ದನಿ ಕೇಳಿದರೆ ಅವರು ಬಂದರೆಂದು ಮನೆಯವರಿಗೆ ಗೊತ್ತಾಗುತ್ತಿತ್ತು. ೧೯೫೫ರಲ್ಲಿ ಕಾನೂನು ಷಿಯಾತ್ಸುವನ್ನು ಅನ್ಮಾದ ಜೊತೆಗೇ ಸೇರಿಸಿತು. ಈಗ ಅಲ್ಲಿ ಮೂರು ವರ್ಷ ಓದಿ, ಸರಕಾರದ ಪರೀಕ್ಷೆ ಮುಗಿಸಿದವರಿಗೆ ಮಾತ್ರ ಪರವಾನಗಿ. ಕಣ್ಣಿಲ್ಲದವರ ಅನ್ನಕ್ಕೆ ಧಕ್ಕೆ ಬರುವಂತಿದ್ದರೆ, ಕಣ್ಣುಳ್ಳವರಿಗೆ ಈ ವಿದ್ಯೆ ಕಲಿಸುವ ಹೊಸ ಶಾಲೆಗೆ ಸರಕಾರ ಅನುಮತಿ ನಿರಾಕರಿಸಬಹುದು. ಈ ನಿಯಮ ಸರಿಯೆಂದು ೨೦೨೨ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವೂ ಎತ್ತಿಹಿಡಿಯಿತು.

ಇನ್ನು ಪ್ರಯೋಜನದ ಮಾತು. ಮೈಯಲ್ಲಿ ‘ಕಿ’ ಎಂಬ ಪ್ರಾಣಶಕ್ತಿ ಹರಿಯುತ್ತದೆ, ಒತ್ತುವುದರಿಂದ ಅದರ ತಡೆ ನೀಗುತ್ತದೆ ಎಂದು ಹೇಳುವವರುಂಟು. ವಿಜ್ಞಾನ ಇದನ್ನು ಒಪ್ಪಿಲ್ಲ. ನಡೆದ ಪರೀಕ್ಷೆಗಳು ಕೆಲವೇ, ಅವೂ ಸಣ್ಣವು. ಬಿಗಿದ ಬೆನ್ನು ಸಡಿಲವಾಗುವುದು, ಉಸಿರು ನಿಧಾನವಾಗುವುದು, ಮನಸ್ಸಿನ ತಳಮಳ ತಗ್ಗುವುದು, ಇಷ್ಟು ಹಲವರ ಅನುಭವ. ದಿನವಿಡೀ ಮೇಜಿಗೆ ಬಾಗಿ ಕುಳಿತವರಿಗೆ ಇದೇನು ಕಡಮೆಯೆ? ರೋಗಕ್ಕೆ ವೈದ್ಯರು ಬೇರೆ ಇದ್ದೇ ಇದ್ದಾರೆ.

ಮನೆಯಲ್ಲಿ ಮಾಡಿನೋಡುವ ಆಸೆಯಾದರೆ ಹೆಗಲು ಮತ್ತು ಬೆನ್ನು ಸಾಕು. ಬೆನ್ನೆಲುಬಿನ ಮೇಲೆ ಒತ್ತಬೇಡಿ. ಅದರ ಎರಡೂ ಬದಿಯ ಮಾಂಸಭಾಗದ ಮೇಲೆ ಒತ್ತಿ. ಕತ್ತಿನ ಮುಂಭಾಗವನ್ನಂತೂ ಮುಟ್ಟಲೇಬಾರದು. ಮಿದುಳಿಗೆ ರಕ್ತ ಒಯ್ಯುವ ನಾಳಗಳು ಅಲ್ಲಿವೆ. ಜ್ವರವಿದ್ದರೆ, ಮೂಳೆ ಮುರಿದಿದ್ದರೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಈ ಪ್ರಯೋಗ ಕೂಡದು. ಬಸುರಿಯರೂ ಮೂಳೆ ಸವೆದ ವೃದ್ಧರೂ ವೈದ್ಯರನ್ನು ಕೇಳಿಯೇ ಮುಂದುವರಿಯಲಿ. ಮಲಗಿದವರು ಉಸಿರು ಬಿಡುವಾಗ ಒತ್ತಿ, ಎಳೆದುಕೊಳ್ಳುವಾಗ ಬೆರಳು ಸಡಿಲಿಸಿ. ‘ಜೋರಾಯಿತೇ?’ ಎಂದು ನಡುನಡುವೆ ಕೇಳುತ್ತಿರಿ; ಅವರು ಉತ್ತರ ಕೊಡದೆ ನಿದ್ದೆಹೋಗಿದ್ದರೆ, ಹೊದಿಕೆಯೊಂದನ್ನು ಹೊದಿಸಿ ಎದ್ದುಬನ್ನಿ.