ಸೈನಿಕನ ಹೆಂಡತಿಯ ಲೆಕ್ಕ ಯಾರ ಹೆಸರಿನಲ್ಲಿ?

(ತ್ಯಾಗಲಿಯ ಸಭೆಯಲ್ಲಿ ಮಾಡಿದ ಭಾಷಣ)



ಸಿದ್ದಾಪುರ ತಾಲೂಕಿನವರಿಗೆ ಕರದ ಮಾತು ಹೊಸದಲ್ಲ. 1932ರ ಸುಮಾರಿಗೆ ಕರನಿರಾಕರಣೆ ಮಾಡಿ ಇಲ್ಲಿಯ ರೈತರು ಭೂಮಿ ಕಳೆದುಕೊಂಡರು. ಜಪ್ತಾದ ಭೂಮಿ ಕೊಂಡವರ ಮನೆಯ ಮುಂದೆ ಹೆಂಗಸರು ಸತ್ಯಾಗ್ರಹಕ್ಕೆ ಕೂತರು. ಮಾವಿನಗುಂಡಿಯ ಹೆಸರು ಇಂದಿಗೂ ಉಳಿದಿರುವುದು ಅದರಿಂದ. ಅನ್ಯಾಯದ ಕರ ಕೊಡಬೇಕೇ ಎಂಬುದು ಅಂದಿನ ಪ್ರಶ್ನೆ. ಕೊಡಬೇಕಾಗಿಲ್ಲದ ತೆರಿಗೆಯನ್ನು ಮುರಿದುಕೊಂಡರೂ ಸುಮ್ಮನಿರಬೇಕೇ ಎಂಬುದು ಇಂದಿನ ಪ್ರಶ್ನೆ. ಸೈನ್ಯದಲ್ಲಿರುವವರ ಹೆಂಡಂದಿರಿಗೆ ಇದು ಮುಖ್ಯವಾಗಿ ತಟ್ಟುತ್ತದೆ.

ಅಮೆರಿಕದಲ್ಲಿ ಅನೇಕ ರಾಜ್ಯಗಳೂ ಆದಾಯ ತೆರಿಗೆ ಹಾಕುತ್ತವೆ. ಗಂಡನ ವರ್ಗವಾದಾಗ ಹೆಂಡತಿ ಯಾವ ರಾಜ್ಯಕ್ಕೆ ಕೊಡಬೇಕೆಂಬ ತಕರಾರು ಬಗೆಹರಿಸಲು 2009ರಲ್ಲಿ ಅಲ್ಲಿ ಕಾನೂನೇ ಬಂತು. ನಮ್ಮಲ್ಲಿ ಸಂಬಳ, ಬಡ್ಡಿಗಳ ಮೇಲಿನ ಆದಾಯ ತೆರಿಗೆ ಕೇಂದ್ರ ಸರಕಾರದ್ದು. ಊರು ಬದಲಾದರೂ ಅದು ಬದಲಾಗದು. ರಾಜ್ಯದ ಕೈಯಲ್ಲಿರುವುದು ವೃತ್ತಿ ತೆರಿಗೆ. ಕರ್ನಾಟಕದಲ್ಲಿ ಸೈನಿಕನಿಗೆ ಅದರಿಂದ ವಿನಾಯಿತಿ ಇದೆ, ಅವನ ಹೆಂಡತಿಗೆ ಇಲ್ಲ. ಆಕೆ ಶಾಲೆಯಲ್ಲಿ ಕಲಿಸಿ ತಿಂಗಳಿಗೆ 25,000 ರೂಪಾಯಿ ಪಡೆದರೆ ವರ್ಷಕ್ಕೆ 2,500 ಹೋಗುತ್ತದೆ. 1988ರ ಸಂವಿಧಾನ ತಿದ್ದುಪಡಿ ಗೊತ್ತು ಮಾಡಿದ ಮೇಲ್ಮಿತಿಯೂ ಅಷ್ಟೇ. ತಿಂಗಳಿಗೆ ಹತ್ತು ಲಕ್ಷ ಎಣಿಸುವವನೂ ಅದಕ್ಕಿಂತ ಕಾಸು ಹೆಚ್ಚು ಕೊಡಬೇಕಿಲ್ಲ. ಇದು ಸಮಾನತೆಯೇ? ನೀವೇ ಹೇಳಿ.

ಇನ್ನು ಮನೆಯ ಲೆಕ್ಕ. ಗಂಡ ಗಡಿಯಿಂದ ಕಳಿಸಿದ ಹಣವನ್ನು ಹೆಂಡತಿ ತನ್ನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಠೇವಣಿ ಇಟ್ಟರೆ, ಕಾನೂನು ಅದರ ಬಡ್ಡಿಯನ್ನು ಗಂಡನ ಆದಾಯಕ್ಕೆ ಸೇರಿಸುತ್ತದೆ. ಆದರೆ ಆಕೆ ಹೊಲಿಗೆಯಿಂದ, ನೌಕರಿಯಿಂದ, ಅಂಗಡಿಯಿಂದ ದುಡಿದದ್ದು ಆಕೆಯದೇ. ತವರಿನಿಂದ ಬಂದ ಹಣದ ಬಡ್ಡಿಯೂ ಆಕೆಯದೇ. ಆಕೆಯ ಹೆಸರಿನ ತೋಟದ ಅಡಿಕೆಯ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲ. ಆದ್ದರಿಂದ ಗಂಡ ಕೊಟ್ಟ ಹಣವನ್ನೂ ಸ್ವಂತ ದುಡಿಮೆಯನ್ನೂ ಒಂದೇ ಖಾತೆಯಲ್ಲಿ ಕಲಸಬೇಡಿ. ಕಲಸಿದರೆ ಮುಂದೆ ಯಾವುದು ಯಾರದೆಂದು ತೋರಿಸುವುದು ಕಷ್ಟ.

ಗಂಡನನ್ನು ಕಳೆದುಕೊಂಡವರ ಸ್ಥಿತಿ ಇದಕ್ಕಿಂತ ಕಠಿಣ. ಕಾರ್ಯಾಚರಣೆಯ ಕರ್ತವ್ಯದಲ್ಲಿ ಮಡಿದ ಯೋಧನ ಹೆಂಡತಿಯ ಕುಟುಂಬ ಪಿಂಚಣಿಗೆ ತೆರಿಗೆ ಇಲ್ಲ. ಸೇವೆಯಲ್ಲಿದ್ದಾಗಲೇ ಕಾಯಿಲೆಯಿಂದ ತೀರಿಕೊಂಡವನ ಹೆಂಡತಿಗೆ ಆ ವಿನಾಯಿತಿ ಇಲ್ಲ. ಹೊಸ ಪದ್ಧತಿಯಲ್ಲಿ ಪಿಂಚಣಿಯ ಮೂರನೇ ಒಂದು ಪಾಲು ಅಥವಾ 25,000, ಯಾವುದು ಕಡಿಮೆಯೋ ಅದನ್ನು ಮಾತ್ರ ಕಳೆಯುತ್ತಾರೆ. ಇಬ್ಬರ ಮನೆಯ ಒಲೆಯೂ ಒಂದೇ ರೀತಿ ಆರಿದೆ. ಕಾನೂನು ಮಾತ್ರ ಭೇದ ಎಣಿಸುತ್ತದೆ.

ಪರಿಹಾರವಾಗಿ ಬಂದ ಹತ್ತು ಲಕ್ಷವನ್ನು ಆಕೆ ಬ್ಯಾಂಕಿನಲ್ಲಿಟ್ಟು ವರ್ಷಕ್ಕೆ 70,000 ಬಡ್ಡಿ ಬಂತೆನ್ನಿ. ಬಡ್ಡಿ 50,000 ದಾಟಿದ್ದರಿಂದ ಬ್ಯಾಂಕು ನೂರಕ್ಕೆ ಹತ್ತರಂತೆ 7,000 ಮುರಿದುಕೊಳ್ಳುತ್ತದೆ. ಪ್ಯಾನ್ ಸಂಖ್ಯೆ ಕೊಡದಿದ್ದರೆ ನೂರಕ್ಕೆ ಇಪ್ಪತ್ತರಂತೆ 14,000. ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಇಲ್ಲ. ಆದರೂ ಹಣ ಹೋಗಿರುತ್ತದೆ. ಹಿಂದೆ ಬರಬೇಕಾದರೆ ಆಕೆ ತನ್ನ ಹೆಸರಿನಲ್ಲಿ ವಿವರಪತ್ರ ಸಲ್ಲಿಸಬೇಕು. ಸಾಮಾನ್ಯವಾಗಿ ಗಡುವು ಜುಲೈ 31. ತೆರಿಗೆ ಬೀಳುವಷ್ಟು ಆದಾಯ ತನಗಿಲ್ಲವೆಂದು ವರ್ಷದ ಆರಂಭದಲ್ಲೇ ಬ್ಯಾಂಕಿಗೆ ಘೋಷಣೆ ಬರೆದುಕೊಟ್ಟರೆ ಮುರಿಯುವುದೇ ತಪ್ಪುತ್ತದೆ. ಗಿರಣಿ ಕೆಲಸಗಾರನ ವಿಧವೆಗೂ, ಸಣ್ಣ ಅಂಗಡಿಯವನ ತಾಯಿಗೂ ಬಡ್ಡಿಯ ಈ ನಿಯಮ ಒಂದೇ.

1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ ಪಾರ್ಲಿಮೆಂಟು 2025ರಲ್ಲಿ ಹೊಸ ಕಾಯ್ದೆ ಮಾಡಿ, 2026ರ ಏಪ್ರಿಲ್ 1ನ್ನು ಜಾರಿಯ ದಿನವಾಗಿ ಗೊತ್ತು ಮಾಡಿತು. ಕಾಯ್ದೆ ಹೊಸದಾದರೆ ಸಾಲದು, ಅದು ಜನರ ಭಾಷೆಯಲ್ಲಿ ಜನರ ಬಾಗಿಲಿಗೆ ಬರಬೇಕು. ಸೇವೆಯಲ್ಲಿ ತೀರಿಕೊಂಡ ಪ್ರತಿಯೊಬ್ಬ ಸೈನಿಕನ ಹೆಂಡತಿಯ ಪಿಂಚಣಿಗೂ ವಿನಾಯಿತಿ ಬೇಕು. ತೆರಿಗೆಯ ನಮೂನೆ ಕನ್ನಡದಲ್ಲಿ ಅಂಚೆ ಕಚೇರಿಯಲ್ಲಿ ಸಿಗಬೇಕು. ಘಟ್ಟ ಇಳಿದು ಕಾರವಾರಕ್ಕೆ ಅಲೆಯುವ ಬದಲು ತಾಲೂಕಿನಲ್ಲೇ ಸಲಹೆ ಸಿಗಬೇಕು. ಇವು ನಮ್ಮ ಬೇಡಿಕೆಗಳು.

ಬೇಡಿಕೆ ಈಡೇರುವ ತನಕ ಕಾಯಬೇಡಿ. ಪಾಸ್‌ಬುಕ್ಕು ತೆಗೆದು ಈ ವರ್ಷ ಎಷ್ಟು ಮುರಿದಿದ್ದಾರೆ ನೋಡಿ. ಓದು ಬಲ್ಲ ಹುಡುಗ ಹುಡುಗಿಯರು ಪಕ್ಕದ ಮನೆಯ ಅಕ್ಕನ ಲೆಕ್ಕ ಬರೆದುಕೊಡಲಿ. ಅದು ದಾನದ ಹಣವಲ್ಲ, ಆಕೆಯದೇ ಹಣ. ಕೇಳಿ ಪಡೆಯುವುದಕ್ಕೆ ನಾಚಿಕೆ ಯಾಕೆ?